ದಾನಕ್ಕೆ ಹೋದ ನಂಬರು

ನನ್ನ ಯಜಮಾನರು ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಅವರು ಕೊನೆಗಾಲದಲ್ಲಿ ಕೇಳುತ್ತಿದ್ದ ಒಂದು ವೀಣಾವಾದನ ಯಾವುದು ಎಂದು ತಿಳಿದುಕೊಳ್ಳಬೇಕಾಗಿತ್ತು. ಅದಕ್ಕಾಗಿ ನಾನೂ ಮಗಳೂ ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆವು. ಹೋದದ್ದು ಸಂಗೀತ ಬಲ್ಲವರ ಮನೆಗಲ್ಲ, ಯಜಮಾನರ ಕರ್ಮ ಮಾಡಿಸಿದ ಜೋಯಿಸರ ಮನೆಗೆ.

ಯಜಮಾನರು ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಮದುವೆಯಾಗಿ ನಾನು ಮೊದಲು ಸಂಸಾರ ಹೂಡಿದ್ದು ಗೊರೂರಿನ ಕ್ವಾರ್ಟರ್ಸಿನಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಎರಡು ಕೋಣೆ, ಒಂದು ಅಡುಗೆಮನೆ. ಬೆಳಿಗ್ಗೆ ಐದಕ್ಕೆ ಎದ್ದು ಮುಖ ತೊಳೆದು ಮುಂದಿನ ಕೋಣೆಯಲ್ಲಿ ಟೇಪ್‌ರೆಕಾರ್ಡರ್ ಹಾಕುತ್ತಿದ್ದರು. ದಾಸರ ಪದ, ಕೊಳಲು, ಹೆಚ್ಚಾಗಿ ವೀಣೆ. ನಾನು ಗೋಡೆಯ ಈಚೆ ಸೀಮೆಎಣ್ಣೆ ಸ್ಟೌ ಹಚ್ಚಿಕೊಂಡು ನಿಂತಿರುತ್ತಿದ್ದೆ. ಸ್ಟೌ ಸದ್ದಿನ ಜೊತೆ ಬೆರೆತು ನನ್ನ ಕಿವಿಗೆ ಎಷ್ಟು ಬೀಳುತ್ತಿತ್ತೋ ಅಷ್ಟೇ ನನ್ನ ಸಂಗೀತ.

"ಬಾರೇ, ಹತ್ತು ನಿಮಿಷ ಕೂತ್ಕೋ. ಇದನ್ನ ಕೇಳು," ಎಂದು ಕರೆಯುತ್ತಿದ್ದರು.

"ನಾನು ಕೂತರೆ ಉಪ್ಪಿಟ್ಟು ತಳ ಹಿಡಿಯುತ್ತೆ. ಇಲ್ಲಿಗೇ ಕೇಳಿಸ್ತಿದೆ, ಬಿಡಿ."

"ಕೇಳಿಸೋದು ಬೇರೆ, ಕೇಳೋದು ಬೇರೆ ಮಾರಾಯ್ತಿ," ಎಂದು ನಗುತ್ತಿದ್ದರು. ಮತ್ತೆ ಬಲವಂತ ಮಾಡುತ್ತಿರಲಿಲ್ಲ. ಅವರ ಸ್ವಭಾವವೇ ಹಾಗೆ, ಯಾವುದನ್ನೂ ಎರಡನೇ ಸಲ ಕೇಳುವವರಲ್ಲ.

ಗೊರೂರಿನಿಂದ ಹಾಸನಕ್ಕೆ, ಹಾಸನದಿಂದ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಕ್ಯಾಸೆಟ್ ಹೋಗಿ ಸಿಡಿ ಬಂತು. ಆಮೇಲೆ ಮನೆಗೊಂದು ಕಂಪ್ಯೂಟರ್ ತಂದರು. ಅದಕ್ಕೆ ಇಂಟರ್‌ನೆಟ್ ಬಂದ ಮೇಲೆ, ಹಾಡು ಕೇಳಿಸುವ ಒಂದು ಕಂಪನಿಗೆ ವರ್ಷದ ಚಂದಾ ಕಟ್ಟಿ ತಮ್ಮ ಹೆಸರಿನಲ್ಲಿ ಖಾತೆ ಮಾಡಿಕೊಂಡರು. ಹಾಡುಗಳು ನಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ ಎಂಬುದು ನನಗೆ ಅರ್ಥವೇ ಆಗಿರಲಿಲ್ಲ. ಅವರು ತಮ್ಮ ಇಲಾಖೆಯ ಮಾತಿನಲ್ಲೇ ಹೇಳಿಕೊಟ್ಟರು.

"ಕೆರೆ ಅವರ ಹತ್ರ ಇದೆ. ನಮ್ಮದು ತೂಬು ಅಷ್ಟೆ. ಎತ್ತಿದರೆ ಹರಿಯುತ್ತೆ, ಇಳಿಸಿದರೆ ನಿಲ್ಲುತ್ತೆ. ಯಾರು ಯಾರು ತೂಬು ಎತ್ತಬಹುದು ಅಂತ ಅವರ ಹತ್ರ ಲೆಕ್ಕ ಇರುತ್ತೆ. ಈ ಕಂಪ್ಯೂಟರಿಗೆ ಪರ್ಮಿಷನ್ ಕೊಟ್ಟಿದಾರೆ, ಇನ್ನೊಂದಕ್ಕೆ ಬೇಕು ಅಂದ್ರೆ ಮತ್ತೆ ಕೇಳ್ಬೇಕು."

ಎರಡು ವರ್ಷ ಕಳೆಯುವುದರೊಳಗೆ ಅವರ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಹಾಸನಕ್ಕೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕಾಗಿತ್ತು. ಉಳಿದ ದಿನ ಮನೆಯಲ್ಲೇ. ಆಗ ಒಂದೇ ಒಂದು ವೀಣಾವಾದನವನ್ನು ಹಿಡಿದುಕೊಂಡರು. ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ, ಆಸ್ಪತ್ರೆಯಿಂದ ಬಂದು ಮಲಗಿದಾಗಲೂ ಅದೇ. ಬಹಳ ನಿಧಾನವಾಗಿ ಶುರುವಾಗುತ್ತಿತ್ತು. ಒಂದು ಸ್ವರ ಮೀಟಿ, ಅದು ಪೂರ್ತಿ ಸಾಯುವವರೆಗೆ ಕಾಯ್ದು, ಇನ್ನೊಂದು ಮೀಟಿದ ಹಾಗೆ. ಕೇಳಿದರೆ ನನಗೆ ಸಂಕಟವಾಗುತ್ತಿತ್ತು. ನೋವು ತಡೆಯಲಾರದೆ ಅದನ್ನು ಹಾಕಿಕೊಳ್ಳುತ್ತಾರೆ ಎಂದು ತಿಳಿದಿದ್ದೆ.

ಒಂದು ದಿನ ಮಧ್ಯಾಹ್ನ, ಅವರಿಗೆ ಉಪ್ಪಿಲ್ಲದ ಸಾರು ಬೇರೆ ಮಾಡಿ, ನಮಗೆ ಬೇರೆ ಮಾಡಿ, ಆಸ್ಪತ್ರೆಯ ಕಾಗದ ಎಲ್ಲೋ ಇಟ್ಟು ಹುಡುಕುತ್ತಿದ್ದೆ. ಒಳಗಿನಿಂದ ಅದೇ ವೀಣೆ.

"ಅದೊಂದನ್ನೇ ಎಷ್ಟು ಸಲ ಹಾಕ್ತೀರಿ? ನನಗೆ ತಲೆ ಚಿಟ್ಟು ಹಿಡಿದುಹೋಯ್ತು," ಎಂದುಬಿಟ್ಟೆ.

ಸದ್ದು ನಿಂತಿತು. ಮರುದಿನದಿಂದ ಕಿವಿಗೆ ಇಯರ್‌ಫೋನ್ ಹಾಕಿಕೊಂಡರು. ಅಲ್ಲಿಂದ ಮುಂದೆ ಎರಡು ತಿಂಗಳು ಬದುಕಿದ್ದರು. ಆ ಎರಡು ತಿಂಗಳೂ ನಮ್ಮ ಮನೆಯಲ್ಲಿ ಸಂಗೀತದ ಸದ್ದಿರಲಿಲ್ಲ.

ಸತ್ತವರ ಮನೆಯಲ್ಲಿ ನೆನಪಿಗೆ ಬರುವುದು ದೊಡ್ಡ ಜಗಳಗಳಲ್ಲ, ಇಂಥ ಮಾತುಗಳು. ನಾನು ಆ ಒಂದು ಮಾತನ್ನು ದಿನಾ ಕೇಳಿಸಿಕೊಳ್ಳುತ್ತಿದ್ದೆ. ಆ ವೀಣೆ ಯಾವುದು, ಪೂರ್ತಿಯಾಗಿ ಹೇಗಿದೆ ಎಂದು ಒಂದು ಸಲ ಕೂತು ಕೇಳಬೇಕು ಅನ್ನಿಸತೊಡಗಿತು. ಮಾತಿಲ್ಲದ ಸಂಗೀತ, ಹೆಸರು ನನಗೆ ಗೊತ್ತಿಲ್ಲ. ಅಂಗಡಿಯಲ್ಲಿ ಏನೆಂದು ಕೇಳುವುದು? ಅವರ ಖಾತೆಯಲ್ಲಿ ಅವರು ಮಾಡಿಟ್ಟುಕೊಂಡ ಪಟ್ಟಿ ಇದೆ, ಅದರಲ್ಲಿ ಇದ್ದೇ ಇರುತ್ತದೆ ಎಂದು ಮಗಳು ಹೇಳಿದಳು.

ಬಟ್ಟೆ ಹೊದಿಸಿಟ್ಟಿದ್ದ ಕಂಪ್ಯೂಟರನ್ನು ತಿಂಗಳುಗಳ ಮೇಲೆ ಹಾಕಿದರೆ ಅದು ಶುರುವಾಗಲೇ ಇಲ್ಲ. ರಿಪೇರಿಯವರು ಬಂದು ನೋಡಿ, ಒಳಗಿನ ಡಿಸ್ಕೇ ಹೋಗಿದೆ ಎಂದರು. ಮಗಳು ಹಾಸನದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು, ಅವಳಿಗೆಂದು ಕೊಂಡ ಹಳೆಯ ಲ್ಯಾಪ್‌ಟಾಪ್ ಇತ್ತು. ಖಾತೆಯ ಪಾಸ್‌ವರ್ಡನ್ನು ಅವರು ಡೈರಿಯ ಕೊನೇ ಪುಟದಲ್ಲಿ, ನಕ್ಷೆಯ ಮೇಲೆ ಬರೆಯುವ ಹಾಗೆ ದುಂಡಗೆ ಬರೆದಿಟ್ಟಿದ್ದರು. ಮಗಳು ಅದನ್ನು ಹಾಕಿದಳು. ಅವರ ಹೆಸರು ಬಂತು. ಅದರ ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂದವು.

"ಏನಂತೆ?"

"ಈ ಕಂಪ್ಯೂಟರ್ ಹೊಸದು, ಇದಕ್ಕೆ ಪರ್ಮಿಷನ್ ಇಲ್ಲ ಅಂತೆ. ಖಾತೆಯಲ್ಲಿರೋ ಮೊಬೈಲ್‌ಗೆ ನಾಲ್ಕು ಅಂಕಿ ಕಳಿಸ್ತಾರಂತೆ. ಹತ್ತು ನಿಮಿಷದೊಳಗೆ ಅದನ್ನ ಇಲ್ಲಿ ಹಾಕಿದ್ರೆ ಮಾತ್ರ ಹಾಡು." ಸ್ವಲ್ಪ ತಡೆದು, "ಅಮ್ಮಾ, ಚಂದಾ ಈ ತಿಂಗಳಿಗೇ ಮುಗಿಯುತ್ತೆ. ಮುಗಿದರೆ ಪಟ್ಟಿ ಅಳಿಸಿಹೋಗುತ್ತಂತೆ. ಮತ್ತೆ ಕಟ್ಟಬೇಕಂದ್ರೂ ಅದೇ ಮೊಬೈಲ್ ಬೇಕು," ಎಂದಳು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಮೊಬೈಲನ್ನು ನಾವು ದಾನ ಕೊಟ್ಟಿದ್ದೆವು.

ಹನ್ನೆರಡನೆಯ ದಿನ ಕೊಡುವ ದಾನಗಳಲ್ಲಿ ಛತ್ರಿ, ಚಪ್ಪಲಿ, ಚೊಂಬು, ಹಾಸಿಗೆ ಎಲ್ಲ ಇಟ್ಟಾಗಿತ್ತು. ಅರಕಲಗೂಡಿನಿಂದ ಬಂದಿದ್ದ ಯಜಮಾನರ ಅಕ್ಕ, ನಾನು ಅತ್ತಿಗೆ ಎಂದು ಕರೆಯುವವರು, ಸಾಲಾಗಿಟ್ಟ ವಸ್ತುಗಳನ್ನು ನೋಡಿ, "ಅವನು ಕೈಯಲ್ಲಿ ಹಿಡಿದು ಓಡಾಡಿದ್ದು ಒಂದಾದರೂ ಇರ್ಲಿ. ಕನ್ನಡಕ ಇನ್ನೊಬ್ಬರಿಗೆ ಹೊಂದೋಲ್ಲ. ಆ ಮೊಬೈಲ್ ಕೊಡು," ಎಂದರು. ಟಿ.ವಿ. ಮೇಲಿದ್ದ ಫೋನನ್ನು ತಂದು, ಸೆರಗಿನಲ್ಲಿ ಒರೆಸಿ, ಚಾರ್ಜರ್ ಸಮೇತ ಬಾಳೆಲೆಯ ಮೇಲೆ ಇಟ್ಟೆ. ಕರ್ಮಕ್ಕೆ ಕೂತಿದ್ದವರು ತುಳಸಿ, ದಕ್ಷಿಣೆ ಇಟ್ಟು ನೀರು ಬಿಟ್ಟು ಕೊಟ್ಟರು. ಜೋಯಿಸರು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಒಳಗೆ ಸಿಮ್ ಇದೆ ಎಂಬುದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ಆ ನಂಬರಿಗೆ ನಾವು ಮತ್ತೆ ಯಾವತ್ತೂ ಫೋನ್ ಮಾಡಿರಲಿಲ್ಲ. ಸತ್ತುಹೋಗಿರುತ್ತದೆ ಎಂದುಕೊಂಡಿದ್ದೆವು. ಮೊಬೈಲ್ ಕಂಪನಿಯ ಅಂಗಡಿಯಲ್ಲಿ ವಿಚಾರಿಸಿದರೆ, ನಂಬರಿನ ಮಾಲೀಕರೇ ಬಂದು ರುಜು ಹಾಕಿದರೆ ಅದೇ ನಂಬರಿಗೆ ಬೇರೆ ಸಿಮ್ ಕೊಡುತ್ತೇವೆ ಎಂದರು. ಮಾಲೀಕರು ಬರುವ ಹಾಗಿರಲಿಲ್ಲ. ಮನೆಗೆ ಬಂದು ಮಗಳು ಸುಮ್ಮನೆ ಆ ನಂಬರು ಒತ್ತಿದಳು.

"ಅಮ್ಮಾ, ರಿಂಗ್ ಆಗ್ತಿದೆ."

ಆ ಕಡೆ ಯಾರೋ ಎತ್ತಿದರು. "ಹಲೋ, ಯಾರು ಮಾತಾಡೋದು?" ಮುದಿ ದನಿ. ಜೋಯಿಸರದು. ಮಗಳು ಫೋನನ್ನು ನನ್ನ ಕೈಗೆ ತುರುಕಿ ಒಳಗೆ ಹೋಗಿಬಿಟ್ಟಳು. ನಾನು ಯಾರೆಂದು ಹೇಳಿ, ಸಂಗತಿ ತಿಳಿಸಿ, ಫೋನ್ ಬೇಡ, ಅದಕ್ಕೆ ಬರುವ ನಾಲ್ಕು ಅಂಕಿ ಓದಿ ಹೇಳಿದರೆ ಸಾಕು ಎಂದೆ.

"ಯೋಚನೆ ಮಾಡ್ಬೇಕಮ್ಮ. ನಾಳೆ ಹೇಳ್ತೀನಿ," ಎಂದರು.

ಅತ್ತಿಗೆಗೂ ಫೋನ್ ಮಾಡಿ ತಿಳಿಸಿದೆ. ಅವರು ಸಿಡಿದರು.

"ಧಾರೆ ಎರೆದು ಕೊಟ್ಟಿದ್ದನ್ನ ವಾಪಸ್ ಕೇಳೋದೇನೇ? ಹಾಗೆ ಕೇಳಿದ್ರೆ ಕೊಟ್ಟಿದ್ದೂ ಹೋಯ್ತು, ಅವನಿಗೆ ತಲುಪಿದ್ದೂ ಹೋಯ್ತು."

"ಫೋನು ಕೇಳ್ತಿಲ್ಲ ಅತ್ತಿಗೆ. ಅದಕ್ಕೆ ಬರೋ ಅಂಕಿ."

"ಅಂಕಿ ಅದರೊಳಗಿಂದ ತಾನೇ ಬರೋದು? ಹಸು ದಾನ ಕೊಟ್ಟು, ಹಸು ಬೇಡ ಹಾಲು ಮಾತ್ರ ಕೊಡಿ ಅಂದ ಹಾಗಾಯ್ತು."

ಅವರು ಹೇಳಿದ್ದು ತಪ್ಪಲ್ಲ. ಅವರ ತಮ್ಮನಿಗೆ ಆ ದಾನ ಮುಟ್ಟಿದೆ ಎಂಬ ನಂಬಿಕೆಯ ಮೇಲೆ ಅವರು ಒಂಬತ್ತು ತಿಂಗಳು ಊಟ ಮಾಡಿದ್ದರು. ಅದನ್ನು ಅಲ್ಲಾಡಿಸಲು ನನಗೂ ಇಷ್ಟವಿರಲಿಲ್ಲ. ಹಾಗೆಂದು ತಿಂಗಳ ಕೊನೆಗೆ ಆ ಪಟ್ಟಿ ಅಳಿಸಿಹೋಗಲಿ ಎಂದು ಬಿಡಲೂ ಆಗಲಿಲ್ಲ.

ಮರುದಿನ ಜೋಯಿಸರೇ ಫೋನ್ ಮಾಡಿದರು. "ವಸ್ತು ನನ್ನದು, ಅದು ನನ್ನ ಕೈ ಬಿಟ್ಟು ಹೋಗೋ ಹಾಗಿಲ್ಲ. ಆದ್ರೆ ಅವರಿಗೆ ಬಂದ ಮಾತನ್ನ ಅವರ ಮನೆಯವರಿಗೆ ಹೇಳಬಾರದು ಅಂತ ಎಲ್ಲೂ ಇಲ್ಲ. ನಾನು ಓದಿ ಹೇಳ್ತೀನಿ," ಎಂದರು. ಮಗಳು ಇಲ್ಲಿಂದ ಅಂಕಿ ಕಳಿಸಲು ಕಂಪನಿಯನ್ನು ಕೇಳಿದಳು. ಏನೂ ಬರಲಿಲ್ಲವಂತೆ. ಲಕೋಟೆಯ ಗುರುತೊಂದು ಮಿಟುಕುತ್ತಿದೆ, ಅದು ತಿಂಗಳುಗಳಿಂದ ಮಿಟುಕುತ್ತಲೇ ಇದೆ ಎಂದರು. ಮಗಳಿಗೆ ಅರ್ಥವಾಯಿತು. ಅವರು ಬಂದ ಮೆಸೇಜುಗಳನ್ನು ತೆಗೆದೇ ನೋಡಿಲ್ಲ, ಫೋನು ತುಂಬಿಹೋಗಿದೆ, ಹೊಸದಕ್ಕೆ ಜಾಗವಿಲ್ಲ. ಮಾತಾಡುತ್ತಿರುವ ಫೋನಿನಲ್ಲೇ ಯಾವ ಗುಂಡಿ ಒತ್ತಬೇಕೆಂದು ಅವರಿಗೆ ಹೇಳಿಕೊಡುವುದು ಸಾಧ್ಯವಿರಲಿಲ್ಲ. ಹಾಗಾಗಿ ಭಾನುವಾರ ನಾವೇ ಹೊರಟೆವು.

ಜೋಯಿಸರ ಮನೆ ಹೊಳೆಗೆ ಹೋಗುವ ದಾರಿಯಲ್ಲಿ, ಕೋಟೆಯ ಬೀದಿಯಲ್ಲಿ. ಜಗಲಿಯ ಮೇಲೆ ಚಾಪೆ ಹಾಸಿ ಕಾಯುತ್ತಿದ್ದರು. ಮಗಳು ಲ್ಯಾಪ್‌ಟಾಪ್ ತೆಗೆದು, ಇಂಟರ್‌ನೆಟ್ಟಿನ ಡೇಟಾ ಕಾರ್ಡ್ ಸಿಕ್ಕಿಸಿ, ಸಿಗ್ನಲ್ಲಿಗಾಗಿ ಕಂಬದ ಹತ್ತಿರ ಸರಿದು ಕೂತಳು. ಜೋಯಿಸರು ಒಳಗಿನಿಂದ ಪಂಚಾಂಗದ ಪೆಟ್ಟಿಗೆ ತಂದರು. ಅದರೊಳಗೆ ಮಡಿಬಟ್ಟೆಯ ತುಂಡಿನಲ್ಲಿ ಸುತ್ತಿದ ಫೋನು. ಮೂಲೆ ಸವೆದ ಅದೇ ಕಪ್ಪು ಫೋನು. ಮಗಳು ತನಗೆ ತಿಳಿಯದೆಯೇ ಕೈ ನೀಡಿದಳು. ಜೋಯಿಸರು ಹಿಂದಕ್ಕೆ ಎಳೆದುಕೊಂಡರು.

"ಬೇಡ ಮಗು. ನಿನ್ನ ಕೈಗೆ ಬರಬಾರದು. ಅಲ್ಲಿಂದಲೇ ಹೇಳು, ನಾನು ಒತ್ತುತ್ತೀನಿ."

"ನೀವು ಸಿಮ್ ತೆಗೆದು ನಿಮ್ಮದು ಹಾಕ್ಕೋಬಹುದಿತ್ತಲ್ಲ?" ಎಂದು ನಾನು ಕೇಳಿದೆ.

"ತೆಗೀಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ಫೋನ್ ಬಂತು. ಅರಕಲಗೂಡಿನ ಕಂಟ್ರಾಕ್ಟರ್ ಯಾರೋ, ನಕ್ಷೆ ವಿಚಾರ. ಹೀಗೀಗೆ ಅಂದೆ. ಪಾಪ, ಅತ್ತುಬಿಟ್ರು. ಆಮೇಲೆ ಇನ್ನೊಬ್ಬರು. ಸಿಮ್ ತೆಗೆದ್ರೆ ಇವರಿಗೆಲ್ಲ ಯಾವುದೋ ಹುಡುಗಿ ದನಿ, ಈ ನಂಬರ್ ಇಲ್ಲ ಅನ್ನುತ್ತೆ. ಹಾಗೆ ತಿಳಿಯೋದು ಸರಿಯಲ್ಲ ಅನ್ನಿಸ್ತು. ಕರೆನ್ಸಿ ಹಾಕಿಸ್ಕೊಂಡು ಇಟ್ಟುಕೊಂಡೆ." ಬಟ್ಟೆಯನ್ನು ಮಡಿಸುತ್ತಾ ಹೇಳಿದರು. "ದಾನ ತಗೊಂಡವನು ಹೋದವರ ಭಾರದಲ್ಲಿ ಒಂದು ಪಾಲು ಹೊರಬೇಕು ಅಂತಾರಲ್ಲಮ್ಮ, ಇದೂ ಅದರಲ್ಲೇ ಸೇರಿದ್ದು ಅಂದ್ಕೊಂಡೆ."

ಒಂಬತ್ತು ತಿಂಗಳು ನನ್ನ ಗಂಡನ ಸಾವನ್ನು ಒಬ್ಬೊಬ್ಬರಿಗೂ ತಿಳಿಸುವ ಕೆಲಸವನ್ನು ಈ ಮುದುಕರು ಮಾಡಿದ್ದರು. ಅದು ನಾನು ಮಾಡಬೇಕಾಗಿದ್ದ ಕೆಲಸ.

"ಗೊರೂರಿನವನು ಒಬ್ಬ ಇದಾನೆ, ಡ್ಯಾಮಿನ ಕಾವಲುಗಾರನಾಗಿದ್ದನಂತೆ," ಎಂದು ಜೋಯಿಸರು ನಕ್ಕರು. "ಎಲ್ಲ ಹೇಳಿದೀನಿ, ಆದ್ರೂ ಹಬ್ಬಕ್ಕೊಂದು ಸಲ ಫೋನ್ ಮಾಡ್ತಾನೆ. 'ಸಾ ಇಲ್ಲ ಅಂತ ಗೊತ್ತು ಕಣ್ ಬುದ್ದಿ, ನಂಬರ್ ಅಳಿಸಾಕೆ ಮನ್ಸು ಬರಾಕಿಲ್ಲ. ನೀವ್ ಎಂಗಿದೀರಿ?' ಅಂತಾನೆ. ಈಗ ನಮ್ಮಿಬ್ಬರಿಗೇ ಸ್ನೇಹ ಆಗಿಬಿಟ್ಟಿದೆ."

ಮಗಳು ಶುರು ಮಾಡಿದಳು. "ಮಧ್ಯದ ಗುಂಡಿ ಒತ್ತಿ. ಈಗ ಕೆಳಗಿನ ಬಾಣ. ಲಕೋಟೆ ಚಿತ್ರ ಬಂತಾ?"

"ಬಂತು, ಬಂತು."

"ಒತ್ತಿ. ಮೇಲಿರೋದೆಲ್ಲ ಈಚೆಗೆ ಬಂದಿದ್ದು. ಓದಿ, ಕಂಪನಿಯ ಜಾಹೀರಾತಾದ್ರೆ ಅಳಿಸಿ."

ಜೋಯಿಸರು ಕನ್ನಡಕ ಏರಿಸಿ, ಫೋನನ್ನು ಮೊಳ ದೂರ ಹಿಡಿದು, ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದತೊಡಗಿದರು. ಸಂಕಲ್ಪ ಹೇಳುವಷ್ಟೇ ಗಂಭೀರವಾಗಿ. "ಡಿಯರ್ ಕಸ್ಟಮರ್. ಕಾಲರ್ ಟ್ಯೂನ್. ಅದೇನು, ಟ್ಯೂನ್ ಹಾಕಿಸ್ಕೊಳ್ಳಿ ಅಂತಾನೆ."

"ಅಳಿಸಿ."

"ಕ್ರಿಕೆಟ್ ಸ್ಕೋರ್ ಬೇಕಾ ಅಂತಾನೆ."

"ಅಳಿಸಿ ತಾತ."

"ಮದುವೆಗೆ ಹೆಣ್ಣು ನೋಡಿಕೊಡ್ತಾನಂತೆ! ಇವನ ಮನೆ ಹಾಳಾಗ. ಇದನ್ನೂ ಅಳಿಸ್ಲಾ?"

ಮಗಳು ನಕ್ಕುಬಿಟ್ಟಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಒಂದೊಂದಾಗಿ ಅಳಿಸುತ್ತಾ ಜೋಯಿಸರ ಕೈಗೆ ಅಭ್ಯಾಸವಾಯಿತು, ಬಾಣದ ಗುಂಡಿಯನ್ನು ಬೇಗ ಬೇಗ ಒತ್ತತೊಡಗಿದರು.

"ಇದು ಬೇರೆ ಥರ ಇದೆ. ಎ, ಪಿ, ಪಿ, ಎ. ಅಪ್ಪ. ಬಸ್ ಸಿಕ್ತು. ಸೀಟೂ ಸಿಕ್ತು."

ಅದು ಮಗಳು ಕಾಲೇಜಿನಿಂದ ಹೊರಡುವಾಗ ಕಳಿಸುತ್ತಿದ್ದ ಮೆಸೇಜು.

"ಅದು ಬೇಡ ತಾತ. ಅದನ್ನ ಬಿಡಿ. ಅಲ್ಲಿಂದ ಕೆಳಕ್ಕೆ ಏನೂ ಅಳಿಸ್ಬೇಡಿ," ಎಂದಳು ಮಗಳು. ಜೋಯಿಸರು ಆ ಗುಂಡಿಯ ಮೇಲಿಂದ ಬೆರಳು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಜಾಗವಾಗಿತ್ತು. ಮಗಳು ಮತ್ತೆ ಅಂಕಿ ಕೇಳಿದಳು. ಫೋನು ಟಿಂಗ್ ಎಂದಿತು. ಜೋಯಿಸರು ತೆಗೆಯುವಾಗ ಕೈ ತಪ್ಪಿ ಇನ್ನೇನೋ ತೆರೆದುಕೊಂಡಿತು. ಅಲ್ಲಿಂದ ಹೊರಕ್ಕೆ ಬರಲು ಗೊತ್ತಾಗದೆ, ಮಗಳು ದೂರದಿಂದ ಹೇಳಿದ್ದು ಅರ್ಥವಾಗದೆ, ಹತ್ತು ನಿಮಿಷ ಕಳೆದೇಹೋಯಿತು. ಸಿಕ್ಕಿದ ಅಂಕಿ ಲ್ಯಾಪ್‌ಟಾಪಿಗೆ ಹಾಕಿದರೆ, ಸಮಯ ಮೀರಿದೆ ಎಂದು ಕೆಂಪಗೆ ಬಂತು. ಇನ್ನೊಂದು ಸಲ ಮಾತ್ರ ಕೇಳಬಹುದು, ಆಮೇಲೆ ಕಂಪನಿಗೆ ಪತ್ರ ಬರೆಯಬೇಕು ಎಂದೂ ಇತ್ತು.

ಜೋಯಿಸರು ಫೋನನ್ನೂ ನಮ್ಮನ್ನೂ ನೋಡಿದರು. ಮಗಳ ಕೈಗೆ ಒಂದು ನಿಮಿಷ ಕೊಟ್ಟರೆ ಮುಗಿದುಹೋಗುವ ಕೆಲಸ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೊಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅತ್ತಿಗೆಯ ಮುಖ ಕಣ್ಣ ಮುಂದೆ ಬಂತು.

"ನಿಧಾನವಾಗಿ ಮಾಡೋಣ. ಹತ್ತು ನಿಮಿಷ ಅಂದ್ರೆ ಕಡಿಮೆಯೇನಲ್ಲ," ಎಂದೆ.

ಜೋಯಿಸರು ಎದ್ದು ಒಳಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದರು. ಪೂಜೆಗೆ ಕೂರುವವರ ಹಾಗೆ ಚಕ್ಕಳಮಕ್ಕಳ ಹಾಕಿ ಕೂತರು. "ಕಳಿಸು," ಎಂದರು. ಟಿಂಗ್ ಎಂದಿತು. ಮಧ್ಯದ ಗುಂಡಿ. ಬಾಣ. ಲಕೋಟೆ. ಮಧ್ಯದ ಗುಂಡಿ. ಒಂದೊಂದು ಅಂಕಿಯನ್ನೂ ಎರಡೆರಡು ಸಲ ಹೇಳಿದರು. ಮಗಳು ಒತ್ತಿದಳು. ಪರದೆ ಒಂದು ಕ್ಷಣ ಬಿಳಿಯಾಯಿತು. ಈ ಕಂಪ್ಯೂಟರಿಗೆ ಅನುಮತಿ ನೀಡಲಾಗಿದೆ ಎಂದು ಬಂತು. ಅದರ ಕೆಳಗೆ ಅವರ ಪಟ್ಟಿ.

ಮನೆಗೆ ಹೋಗಿ ಕೇಳೋಣವೇ ಎಂದಳು ಮಗಳು. ವರ್ಷ ತುಂಬುವವರೆಗೆ ಮನೆಯಲ್ಲಿ ಸಂಗೀತ ಹಾಕಬಾರದೆಂದು ಅತ್ತಿಗೆ ಹೇಳಿದ್ದು ಅವಳಿಗೆ ನೆನಪಿದ್ದಂತಿರಲಿಲ್ಲ. ಜೋಯಿಸರೇ, "ಇಲ್ಲೇ ಹಾಕು ಮಗು," ಎಂದರು.

ಪಟ್ಟಿಯಲ್ಲಿ ವೀಣೆಯವು ಆರಿದ್ದವು. ಒಂದೊಂದನ್ನೂ ಸ್ವಲ್ಪ ಸ್ವಲ್ಪ ಹಾಕಿದೆವು. ಐದನೆಯದು ಶುರುವಾದ ಕೂಡಲೇ ನನಗೆ ಗುರುತು ಸಿಕ್ಕಿತು. ಅದೇ ಸ್ವರ, ಅದೇ ಕಾಯುವಿಕೆ. ಕಣ್ಣು ಮುಚ್ಚಿಕೊಂಡು ಕೂತೆ. ಹತ್ತು ನಿಮಿಷವೋ ಹನ್ನೆರಡು ನಿಮಿಷವೋ ಹಾಗೆಯೇ ನಡೆಯಿತು.

ಆಮೇಲೆ ನನಗೆ ಗೊತ್ತಿಲ್ಲದ್ದು ಬಂತು. ವೀಣೆ ನಿಧಾನವಾಗಿ ನಡಿಗೆ ಹಿಡಿಯಿತು. ಮೃದಂಗ ಸೇರಿಕೊಂಡಿತು. ಅದರಲ್ಲಿ ಮೃದಂಗ ಇದೆ ಎಂದೇ ನನಗೆ ತಿಳಿದಿರಲಿಲ್ಲ. ಮನೆಯಲ್ಲಿ ಅದು ಅಲ್ಲಿಯವರೆಗೆ ಬರುವಷ್ಟರಲ್ಲಿ ನಾನು ಹಿತ್ತಿಲಿಗೋ ಅಂಗಡಿಗೋ ಹೋಗಿರುತ್ತಿದ್ದೆ, ಇಲ್ಲವೇ ಯಾವುದೋ ಕೆಲಸ ಹೇಳಿ ಅವರೇ ನಿಲ್ಲಿಸುವಂತೆ ಮಾಡುತ್ತಿದ್ದೆ. ಎರಡೂ ಒಂದನ್ನೊಂದು ಅಟ್ಟಿಸಿಕೊಂಡು ಹೋದ ಹಾಗೆ, ಒಂದು ಕೇಳಿದ್ದಕ್ಕೆ ಇನ್ನೊಂದು ತಮಾಷೆಯಾಗಿ ಉತ್ತರ ಕೊಟ್ಟ ಹಾಗೆ ಓಡತೊಡಗಿದವು. ಅದು ಸಂಕಟದ ಸಂಗೀತವೇ ಆಗಿರಲಿಲ್ಲ. ಅವರು ಆ ನಿಧಾನವನ್ನೆಲ್ಲ ದಾಟಿ ಈ ಜಾಗಕ್ಕೆ ಬರಲು ಕಾಯುತ್ತಿದ್ದರು ಎಂದು ಆಗ ತಿಳಿಯಿತು. ಕೊನೆಯ ಎರಡು ತಿಂಗಳು, ಹಾಸಿಗೆಯ ಮೇಲೆ, ಪಕ್ಕದಲ್ಲಿ ನಾನಿದ್ದರೂ ಒಬ್ಬರೇ ಇಲ್ಲಿಗೆ ಬಂದು ಹೋಗುತ್ತಿದ್ದರು. ಒಂದೊಂದು ಸಲ ಇಯರ್‌ಫೋನ್ ಹಾಕಿಕೊಂಡು ಸಣ್ಣಗೆ ನಗುತ್ತಿದ್ದುದನ್ನು ನೋಡಿದ್ದೆ. ಜ್ವರಕ್ಕೆ ಇರಬೇಕು ಎಂದುಕೊಂಡು ಹಣೆ ಮುಟ್ಟಿ ನೋಡಿದ್ದೆ.

ಜೋಯಿಸರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನಾನು ಕಣ್ಣು ಬಿಟ್ಟಿದ್ದು ನೋಡಿ ನಿಲ್ಲಿಸಿಬಿಟ್ಟರು.

"ತಾಳ ಹಾಕಿ. ಪರವಾಗಿಲ್ಲ," ಎಂದೆ.

ಮುಗಿಯಿತು. ಯಾವುದೋ ಊರಿನ ಸಭೆಯಲ್ಲಿ ಜನ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಮಗಳು ಮುಖ ಒರೆಸಿಕೊಂಡು ನಿಲ್ಲಿಸಲು ಕೈ ಚಾಚುವಷ್ಟರಲ್ಲಿ ಪಟ್ಟಿಯ ಮುಂದಿನದು ತಾನಾಗಿಯೇ ಶುರುವಾಯಿತು. ಆರನೆಯದು. ಅದನ್ನು ನಾನು ಗೋಡೆಯ ಆಚೆಯಿಂದಲೂ ಕೇಳಿರಲಿಲ್ಲ. ಅವರು ಅದನ್ನು ಯಾವಾಗ ಸೇರಿಸಿಕೊಂಡರೋ, ಎಷ್ಟು ಸಲ ಕೇಳಿದ್ದರೋ, ಹೇಳುವವರು ಯಾರೂ ಇಲ್ಲ.

"ಇರ್ಲಿ ಬಿಡು," ಎಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಮೂವರೂ ಕೂತು ಕೇಳಿದೆವು.